ಮೊದಲ ಸಲ ಅಂಗಡಿ ಕಳ್ಳತನದ ಕೇಸು: ತಪ್ಪು ಒಪ್ಪಿಕೊಳ್ಳುವ ಮೊದಲು ರಾಜಿಯ ದಾರಿ ನೋಡಿ

ಪ್ರಶ್ನೆ: ಮೇಡಂ, ನನ್ನ ತಮ್ಮನಿಗೆ 20 ವರ್ಷ. ಡಿಗ್ರಿ ಕೊನೇ ವರ್ಷ ಓದುತ್ತಿದ್ದಾನೆ. ಕೆಲವು ತಿಂಗಳ ಹಿಂದೆ ಒಂದು ದೊಡ್ಡ ಅಂಗಡಿಯಲ್ಲಿ ಇಯರ್‌ಫೋನ್ ಮತ್ತು ಸೆಂಟ್ ಬಾಟಲಿಯನ್ನು ಬ್ಯಾಗಿಗೆ ಹಾಕಿಕೊಂಡು ಬಿಲ್ ಮಾಡಿಸದೆ ಹೊರಗೆ ಬಂದ. ಬಾಗಿಲಲ್ಲೇ ಸೆಕ್ಯುರಿಟಿಯವರು ಹಿಡಿದರು. ಎರಡೂ ಸೇರಿ 3,250 ರೂಪಾಯಿಯ ಸಾಮಾನು. "ನಾನು ಕದ್ದಿದ್ದೇನೆ" ಎಂದು ಒಂದು ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡರು. ಆಮೇಲೆ ಪೊಲೀಸರು ಬಂದು ಸಾಮಾನನ್ನು ವಶಕ್ಕೆ ತೆಗೆದುಕೊಂಡು, ಎಫ್‌ಐಆರ್ ಹಾಕಿ, ಅವನಿಗೆ ನೋಟಿಸ್ ಕೊಟ್ಟು ಕಳಿಸಿದರು. ಈಗ ಕೋರ್ಟಿನಿಂದ ಸಮನ್ಸ್ ಬಂದಿದೆ. ಅವನು ಹಿಂದೆ ಯಾವತ್ತೂ ಹೀಗೆ ಮಾಡಿದವನಲ್ಲ. ಮಾಡಿದ್ದು ನಿಜ ಅಂತ ನನ್ನ ಹತ್ತಿರ ಅತ್ತು ಒಪ್ಪಿಕೊಂಡಿದ್ದಾನೆ. ಗೊತ್ತಿದ್ದವರು "ಮೊದಲ ದಿನವೇ ತಪ್ಪಾಯ್ತು ಅಂತ ಹೇಳಿ ಫೈನ್ ಕಟ್ಟಿ ಮುಗಿಸಿಬಿಡಿ, ಸುಮ್ನೆ ಯಾಕೆ ಅಲೆದಾಟ" ಅನ್ನುತ್ತಾರೆ. ಹಾಗೆ ಮಾಡಬಹುದಾ? ಮುಂದೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ತೊಂದರೆ ಆಗುತ್ತಾ? ಅಪ್ಪನಿಗೆ ಇನ್ನೂ ಹೇಳಿಲ್ಲ.

ಉತ್ತರ: ಮೊದಲ ದಿನ ತಪ್ಪು ಒಪ್ಪಿಕೊಳ್ಳಬೇಡಿ. ಸಮನ್ಸ್‌ನಲ್ಲಿರುವ ತಾರೀಕಿಗೆ ತಪ್ಪದೆ ಹೋಗಿ, ವಕೀಲರ ಮೂಲಕ ಹಾಜರಾಗಿ, ಕೇಸಿನ ಕಾಗದಗಳನ್ನು ಕೇಳಿ ಪಡೆಯಿರಿ. ಆ ದಿನ ಅಷ್ಟು ಸಾಕು. "ಫೈನ್ ಕಟ್ಟಿ ಮುಗಿಸಿ" ಎನ್ನುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ಅದು ಟ್ರಾಫಿಕ್ ದಂಡ ಕಟ್ಟಿದ ಹಾಗಲ್ಲ. ತಪ್ಪು ಒಪ್ಪಿಕೊಂಡು ಎಷ್ಟೇ ಚಿಕ್ಕ ದಂಡ ಕಟ್ಟಿದರೂ ಕಳ್ಳತನದಲ್ಲಿ ಅಪರಾಧಿ ಎಂದು ತೀರ್ಪಾಗುತ್ತದೆ. ಆ ದಂಡದ ರಸೀದಿಯನ್ನು ನೀವು ಮರೆತರೂ ಪೊಲೀಸ್ ವೆರಿಫಿಕೇಷನ್‌ನಲ್ಲಿ ಅದು ಮತ್ತೆ ಎದ್ದು ಬರುತ್ತದೆ. ಒಪ್ಪಿಕೊಂಡ ಮೇಲೆ ಮೇಲ್ಮನವಿ ಹೋಗಲೂ ಜಾಗ ಬಹಳ ಕಡಿಮೆ. ಶಿಕ್ಷೆ ಜಾಸ್ತಿಯಾಯಿತು, ಕಾನೂನಿಗೆ ಸರಿಯಿಲ್ಲ ಎಂದಷ್ಟೇ ವಾದ ಮಾಡಬಹುದು.

ನಿಮ್ಮ ತಮ್ಮನ ಕೇಸಿನಲ್ಲಿ ಇದಕ್ಕಿಂತ ಒಳ್ಳೆಯ ದಾರಿಗಳಿವೆ. ಅವನ್ನು ಸರಿಯಾದ ಕ್ರಮದಲ್ಲಿ ನೋಡಬೇಕು, ಅಷ್ಟೇ.

ಮೊದಲು ಕಲಂ ಯಾವುದು ಅಂತ ನೋಡಿ

ನೀವು ಕೇಸಿನ ಬಗ್ಗೆ ಇಷ್ಟೆಲ್ಲ ಬರೆದಿದ್ದೀರಿ, ಆದರೆ ಯಾವ ಕಲಂ ಹಾಕಿದ್ದಾರೆ ಅಂತ ಬರೆದಿಲ್ಲ. ಸಮನ್ಸ್ ಕಾಗದದಲ್ಲೇ ಅದು ಇರುತ್ತದೆ. ಜೊತೆಗೆ ಕೇಸ್ ನಂಬರ್ ಇರುತ್ತದೆ, ಸಾಮಾನ್ಯವಾಗಿ "ಸಿಸಿ" ಎಂದು ಶುರುವಾಗುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಕೋರ್ಟು, ಮುಂದಿನ ತಾರೀಕು ಯಾವುದು, ಎಲ್ಲ ಸಿಗುತ್ತದೆ. ಘಟನೆ ನಡೆದದ್ದು 2024ರ ಜುಲೈ 1ರ ನಂತರವಾದ್ದರಿಂದ ಹಳೆಯ ಐಪಿಸಿ ಅಲ್ಲ, ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತದೆ.

ಅಂಗಡಿ ಕಳ್ಳತನಕ್ಕೆ ಪೊಲೀಸರು ಹಾಕುವುದು ಎರಡರಲ್ಲಿ ಒಂದು. ಒಂದು, ಕಲಂ 303(2), ಅಂದರೆ ಸಾದಾ ಕಳ್ಳತನ. ಇದಕ್ಕೆ ಮೂರು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಇನ್ನೊಂದು, ಕಲಂ 305. ಇದರಲ್ಲಿ ಮನೆಯಲ್ಲಿ, ವಾಹನದಲ್ಲಿ, ದೇವಸ್ಥಾನದಂಥ ಜಾಗದಲ್ಲಿ ಮಾಡುವ ಕಳ್ಳತನದ ಜೊತೆಗೆ "ಸ್ವತ್ತನ್ನು ಕಾಪಾಡಿಡಲು ಬಳಸುವ ಕಟ್ಟಡ"ದಲ್ಲಿ ಮಾಡುವ ಕಳ್ಳತನವೂ ಸೇರುತ್ತದೆ. ಅಂಗಡಿಯೂ ಅಂಥ ಕಟ್ಟಡವೇ ಎಂದು ಪೊಲೀಸರು ಇದನ್ನು ಹಾಕುತ್ತಾರೆ. ಇದಕ್ಕೆ ಏಳು ವರ್ಷದವರೆಗೆ ಜೈಲು ಮತ್ತು ದಂಡ.

303(2)ರಲ್ಲಿ ನಿಮ್ಮ ತಮ್ಮನಂಥವರಿಗಾಗಿಯೇ ಹೊಸದಾಗಿ ಸೇರಿಸಿದ ಒಂದು ಮಾತಿದೆ. ಕದ್ದ ಸಾಮಾನಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದು, ಮೊದಲ ಸಲ ಅಪರಾಧಿ ಎಂದು ತೀರ್ಮಾನವಾಗಿ, ಸಾಮಾನನ್ನೋ ಅದರ ಬೆಲೆಯನ್ನೋ ವಾಪಸ್ ಕೊಟ್ಟಿದ್ದರೆ ಶಿಕ್ಷೆ ಸಮುದಾಯ ಸೇವೆ ಮಾತ್ರ. ಅಂದರೆ ಕೋರ್ಟು ಹೇಳಿದ ಕಡೆ ಸಂಬಳವಿಲ್ಲದೆ ಜನರಿಗೆ ಉಪಯೋಗವಾಗುವ ಕೆಲಸ ಮಾಡಬೇಕು. ಹಳೆಯ ಐಪಿಸಿಯಲ್ಲಿ ಇಂಥ ಶಿಕ್ಷೆಯೇ ಇರಲಿಲ್ಲ.

5,000ದ ಗೆರೆಗೆ ಇನ್ನೊಂದು ಪರಿಣಾಮವೂ ಇದೆ. ಅದಕ್ಕಿಂತ ಕಡಿಮೆ ಬೆಲೆಯ 303(2) ಕೇಸು ಜಾಮೀನು ಸಿಗಲೇಬೇಕಾದ ಕೇಸು. ಅದು ಅಸಂಜ್ಞೇಯ ಅಪರಾಧ ಕೂಡ. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ, ವಾರಂಟ್ ಇಲ್ಲದೆ ಬಂಧಿಸುವಂತಿಲ್ಲ. ಆದ್ದರಿಂದ ನಿಮ್ಮ ಕೇಸಿನಲ್ಲಿ ಇರುವುದು 303(2) ಒಂದೇ ಆಗಿದ್ದರೆ, ಎಫ್‌ಐಆರ್ ಹಾಕುವ ಮೊದಲು ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿದ್ದರಾ ಅಂತ ವಕೀಲರು ಮೊದಲು ನೋಡಬೇಕು. ಅನುಮತಿ ಸರಿಯಾಗಿ ಪಡೆದಿಲ್ಲ ಎಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟು ಅಸಂಜ್ಞೇಯ ಕೇಸುಗಳನ್ನು ರದ್ದು ಮಾಡಿದ ಉದಾಹರಣೆಗಳಿವೆ.

305 ಹಾಕಿದ್ದರೆ ಈ ಅನುಕೂಲಗಳೆಲ್ಲ ನೇರವಾಗಿ ಸಿಗುವುದಿಲ್ಲ. ಅದು ಸಂಜ್ಞೇಯ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದು. ಜಾಮೀನು ರಹಿತ ಕೂಡ, ಅಂದರೆ ಜಾಮೀನು ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟದ್ದು. 5,000ದ ರಿಯಾಯಿತಿಯ ಮಾತು ಆ ಕಲಂನಲ್ಲಿ ಇಲ್ಲ. ರಾಜಿಗೂ ಅವಕಾಶವಿಲ್ಲ. ಒಂದೇ ಇಯರ್‌ಫೋನ್, ಒಂದೇ ಸೆಂಟ್ ಬಾಟಲಿ, ಆದರೆ ಕಲಂ ಬದಲಾದರೆ ಕೇಸಿನ ಮುಖವೇ ಬದಲಾಗುತ್ತದೆ. ಗಿರಾಕಿಗಳು ಒಳಗೆ ಬಂದು ಸಾಮಾನನ್ನು ಕೈಯಲ್ಲಿ ಎತ್ತಿ ನೋಡಲಿ ಎಂದೇ ತೆರೆದಿಟ್ಟ ಜಾಗವನ್ನು ಗೋದಾಮಿನ ಹಾಗೆ "ಕಾಪಾಡಿಡುವ ಕಟ್ಟಡ" ಎನ್ನುವುದು ಸರಿಯಾ? ಆರೋಪ ಹೊರಿಸುವ ಹಂತದಲ್ಲಿ ನಿಮ್ಮ ವಕೀಲರು ಈ ಪ್ರಶ್ನೆ ಎತ್ತಲೇಬೇಕು ಎನ್ನುವುದು ನನ್ನ ಅಭಿಪ್ರಾಯ. ಮ್ಯಾಜಿಸ್ಟ್ರೇಟರು ಒಪ್ಪಿ 303(2)ಕ್ಕೆ ಇಳಿಸಿದರೆ ಮುಂದಿನ ಬಾಗಿಲುಗಳೆಲ್ಲ ತೆರೆಯುತ್ತವೆ. ಒಪ್ಪದಿದ್ದರೂ ಎದೆಗುಂದಬೇಡಿ. ಬೆಲೆ 20,000 ರೂಪಾಯಿ ಮೀರದ ಕಳ್ಳತನವನ್ನು, ಅದು 303(2) ಆಗಲಿ 305 ಆಗಲಿ, ಸಂಕ್ಷಿಪ್ತ ವಿಚಾರಣೆಯಲ್ಲಿ ನಡೆಸಬೇಕು ಎಂದು ಹೊಸ ಕಾನೂನು ಹೇಳುತ್ತದೆ. ಸಂಕ್ಷಿಪ್ತ ವಿಚಾರಣೆಯಲ್ಲಿ ಮೂರು ತಿಂಗಳಿಗಿಂತ ಜಾಸ್ತಿ ಜೈಲು ಶಿಕ್ಷೆ ಕೊಡುವಂತಿಲ್ಲ. ಕಾಗದದ ಮೇಲಿನ "ಏಳು ವರ್ಷ" ನೋಡಿ ಮನೆಯವರು ಊಟ ಬಿಡುವುದನ್ನು ಕಂಡಿದ್ದೇನೆ. ಅದಕ್ಕೇ ಇದನ್ನು ಬಿಡಿಸಿ ಹೇಳಿದೆ.

ಸಾಮಾನಿನ ಬೆಲೆ ಎಷ್ಟು ಅಂತ ಮಹಜರಿನಲ್ಲಿ, ಅಂದರೆ ಸಾಮಾನು ವಶಕ್ಕೆ ತೆಗೆದುಕೊಂಡಾಗ ಪೊಲೀಸರು ಬರೆದ ಪತ್ರದಲ್ಲಿ, ಬರೆದಿರುತ್ತಾರೆ. ಅದರಲ್ಲಿ 3,250 ಎಂದೇ ಇದೆಯಾ, ದೂರಿನಲ್ಲಿ, ಚಾರ್ಜ್‌ಶೀಟಿನಲ್ಲಿ ಅದೇ ಮೊತ್ತ ಇದೆಯಾ ಎಂದು ಹೋಲಿಸಿ ನೋಡಿ. ಬೆಲೆ ಚೀಟಿ, ಬಾರ್‌ಕೋಡ್ ಪಟ್ಟಿ ಜೊತೆಗಿದ್ದರೆ ಅದನ್ನೂ ನೋಡಿ.

ರಾಜಿ ಆದರೆ ಖುಲಾಸೆ, ಸಮುದಾಯ ಸೇವೆ ಆದರೆ ಅಪರಾಧಿ

ಈ ಒಂದು ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಸಮುದಾಯ ಸೇವೆ ಕೇಳುವುದಕ್ಕೆ ಹಗುರ, ಜೈಲೂ ಇಲ್ಲ. ಆದರೆ ಅದು ಅಪರಾಧಿ ಎಂದು ತೀರ್ಮಾನವಾದ ಮೇಲೆ ಕೊಡುವ ಶಿಕ್ಷೆ. ದಾಖಲೆಯಲ್ಲಿ ಕಳ್ಳತನದ ಅಪರಾಧಿ ಎಂದೇ ಉಳಿಯುತ್ತದೆ. 303(2)ರಲ್ಲೇ ಇನ್ನೊಂದು ಮಾತಿದೆ: ಇದೇ ಕಲಂನಲ್ಲಿ ಎರಡನೇ ಸಲ ಅಪರಾಧಿಯಾದರೆ ಕಡಿಮೆ ಎಂದರೂ ಒಂದು ವರ್ಷ ಕಠಿಣ ಜೈಲು, ಐದು ವರ್ಷದವರೆಗೂ ಹೋಗಬಹುದು. ಅಂದರೆ ಇವತ್ತು ಹಗುರವಾಗಿ ಒಪ್ಪಿಕೊಂಡ ತೀರ್ಪು ಮುಂದೆ ಎಂದಾದರೂ ಭಾರವಾಗಿ ಎದುರಾಗಬಹುದು.

ಅದೇ ರಾಜಿ ಆದರೆ ಕಾನೂನಿನ ಕಣ್ಣಿನಲ್ಲಿ ಅದು ಖುಲಾಸೆಗೆ ಸಮ. 303(2)ರ ಕಳ್ಳತನದಲ್ಲಿ ಸ್ವತ್ತಿನ ಮಾಲೀಕರು ರಾಜಿ ಮಾಡಿಕೊಳ್ಳಬಹುದು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಬದಲು ಬಂದ ಕಾನೂನು) ಕಲಂ 359 ಹೇಳುತ್ತದೆ. ಸಾಮಾನು ಸಿಕ್ಕಿದೆ, ಹುಡುಗ ಚಿಕ್ಕವನು, ಹಿಂದೆ ಏನೂ ಇಲ್ಲ ಎಂದಾಗ ಅಂಗಡಿಯವರಿಗೂ ಕೋರ್ಟಿಗೆ ಸಾಕ್ಷಿ ಹೇಳಲು ಓಡಾಡುವುದು ಬೇಕಿರುವುದಿಲ್ಲ. ಹಾಗಾಗಿ ಮೊದಲು ತಟ್ಟಬೇಕಾದ ಬಾಗಿಲು ಇದು.

ಇಲ್ಲಿ ಜನ ಎಡವುವ ಜಾಗ ಒಂದಿದೆ. ದೂರು ಕೊಟ್ಟವರು ಆ ಬ್ರಾಂಚಿನ ಮ್ಯಾನೇಜರ್. ಆದರೆ ಸಾಮಾನಿನ ಮಾಲೀಕರು ಕಂಪನಿ. ಮ್ಯಾನೇಜರ್ ಕೋರ್ಟಿಗೆ ಬಂದು "ನಮ್ಮದೇನೂ ತಕರಾರಿಲ್ಲ ಸ್ವಾಮಿ" ಎಂದರೂ, ಕಂಪನಿಯ ಪರವಾಗಿ ರಾಜಿ ಮಾಡಿಕೊಳ್ಳಲು ಅವರಿಗೆ ಅಧಿಕಾರ ಇದೆಯಾ ಎಂದು ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ಅಧಿಕಾರ ಪತ್ರ ಇಲ್ಲದಿದ್ದರೆ ಅವತ್ತಿನ ಓಡಾಟ ವ್ಯರ್ಥ. ಕಂಪನಿಯ ಲೆಟರ್‌ಹೆಡ್‌ನಲ್ಲಿ, ಕೇಸ್ ನಂಬರ್ ನಮೂದಿಸಿ, ಇಂಥವರಿಗೆ ರಾಜಿ ಮಾಡಿಕೊಳ್ಳಲು ಅಧಿಕಾರ ಕೊಟ್ಟಿದ್ದೇವೆ ಎಂಬ ಪತ್ರ ಮೊದಲೇ ತರಿಸಿ. ಬ್ರಾಂಚಿನಲ್ಲಿ ಇದು ಆಗದಿದ್ದರೆ ಅವರ ಹೆಡ್ ಆಫೀಸಿನ ಕಾನೂನು ವಿಭಾಗಕ್ಕೆ ನಿಮ್ಮ ವಕೀಲರ ಮೂಲಕ ಬರೆಯಿರಿ.

ದಯವಿಟ್ಟು ನೀವಾಗಲಿ, ತಮ್ಮನಾಗಲಿ, ಅವನ ಗೆಳೆಯರಾಗಲಿ ಗುಂಪು ಕಟ್ಟಿಕೊಂಡು ಅಂಗಡಿಗೆ ಹೋಗಬೇಡಿ. ಕೈ ಮುಗಿದು ಕೇಳಲು ಹೋದರೂ ಸಾಕ್ಷಿಗಳನ್ನು ಹೆದರಿಸಲು ಬಂದರು ಎಂದು ದೂರಾದರೆ ಜಾಮೀನಿಗೇ ಕುತ್ತು ಬರುತ್ತದೆ. ವಕೀಲರು ಒಂದು ಫೋನ್ ಮಾಡಲಿ, ಒಂದು ಪತ್ರ ಬರೆಯಲಿ. ಅಂಗಡಿಯವರು ಸಾಮಾನಿನ ಬೆಲೆಯಷ್ಟು ಕೇಳಿದರೆ ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಿರಿ. "ಹತ್ತು ಪಟ್ಟು ಕೊಡಿ, ಇಲ್ಲದಿದ್ದರೆ ನಿಮ್ಮ ಹುಡುಗನ ವಿಡಿಯೊ ಎಲ್ಲರಿಗೂ ಕಳಿಸುತ್ತೇವೆ" ಅಂತ ಯಾರಾದರೂ ಅಂದರೆ ಅದು ಸುಲಿಗೆ. ಸುಲಿಗೆಯೂ ಅಪರಾಧವೇ. ಅಂಥ ಮೆಸೇಜ್ ಬಂದಿದ್ದರೆ ಅಳಿಸಬೇಡಿ, ವಕೀಲರಿಗೆ ತೋರಿಸಿ.

ರಾಜಿಗೆ ಒಳ್ಳೆಯ ಜಾಗ ಲೋಕ ಅದಾಲತ್. ಅಲ್ಲಿ ಜಂಟಿ ಅರ್ಜಿ ಹಾಕಿ ಒಂದೇ ದಿನದಲ್ಲಿ ಮುಗಿಸಬಹುದು. ಅಲ್ಲಿನ ತೀರ್ಮಾನದ ಮೇಲೆ ಅಪೀಲಿಲ್ಲ. ಆದರೆ 305 ಹಾಗೇ ಉಳಿದಿದ್ದರೆ ಲೋಕ ಅದಾಲತ್ ಅದನ್ನು ಮುಟ್ಟುವಂತಿಲ್ಲ. ಆಗ ಎರಡೂ ಕಡೆಯವರು ಒಪ್ಪಿದ್ದೇವೆ ಎಂದು ಹೈಕೋರ್ಟಿನ ಮುಂದೆ ಹೋಗಿ ಕೇಸು ರದ್ದು ಮಾಡಲು ಕೇಳಬೇಕು. ಖಾಸಗಿ ಸ್ವರೂಪದ ಕೇಸುಗಳಲ್ಲಿ, ರಾಜಿಗೆ ಅವಕಾಶವಿಲ್ಲದ ಕಲಂ ಇದ್ದರೂ, ಹೈಕೋರ್ಟ್ ಹೀಗೆ ರದ್ದು ಮಾಡಬಹುದು ಎಂದು 2012ರಲ್ಲಿ ಗ್ಯಾನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಖರ್ಚು ಜಾಸ್ತಿ ಆಗುತ್ತದೆ. ಆದರೂ 20 ವರ್ಷದ ಹುಡುಗನ ವಿಷಯದಲ್ಲಿ ಯೋಚಿಸಬೇಕಾದ ದಾರಿಯೇ.

ರಾಜಿ ಆಗದಿದ್ದರೆ

ಕೆಲವು ಕಂಪನಿಗಳು ಯಾರ ಜೊತೆಗೂ ರಾಜಿ ಮಾಡಿಕೊಳ್ಳುವುದಿಲ್ಲ ಎಂದು ಪಟ್ಟು ಹಿಡಿಯುತ್ತವೆ. ಆಗ ನಿಮ್ಮ ತಮ್ಮನಿಗೆ ಆಸರೆಯಾಗುವ ಕಾನೂನು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ. ಕೋರ್ಟಿನಲ್ಲಿ ಎಲ್ಲರೂ "ಪ್ರೊಬೇಷನ್ ಆಕ್ಟ್" ಎಂದೇ ಕರೆಯುತ್ತಾರೆ. ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಗೊತ್ತಿರುವ ವಕೀಲರೂ ಕೆಲವೊಮ್ಮೆ ಕೇಳುವುದನ್ನು ಬಿಟ್ಟುಬಿಡುತ್ತಾರೆ. ಅದು ನನಗೆ ತುಂಬ ಬೇಸರದ ವಿಷಯ, ಏಕೆಂದರೆ ಈ ಕಾಯ್ದೆಯ ಮೂರನೇ ಕಲಂ ಸಾದಾ ಕಳ್ಳತನ ಮತ್ತು ಕಟ್ಟಡದೊಳಗಿನ ಕಳ್ಳತನ ಎರಡನ್ನೂ ಹೆಸರಿಟ್ಟು ಹೇಳುತ್ತದೆ. ಹಿಂದೆ ಶಿಕ್ಷೆಯಾಗದವನಾದರೆ, ಅವನ ಸ್ವಭಾವ, ಘಟನೆಯ ಸಂದರ್ಭ ನೋಡಿ, ಶಿಕ್ಷೆಯೇ ಕೊಡದೆ, ಬುದ್ಧಿ ಹೇಳಿ, ಎಚ್ಚರಿಕೆ ಕೊಟ್ಟು ಬಿಡಬಹುದು. ನಾಲ್ಕನೇ ಕಲಂ ಪ್ರಕಾರ ಮೂರು ವರ್ಷ ಮೀರದ ಅವಧಿಗೆ ಒಳ್ಳೆಯ ನಡತೆಯ ಬಾಂಡ್ ಬರೆಸಿಕೊಂಡು ಬಿಡಬಹುದು.

ನಿಮ್ಮ ತಮ್ಮನಿಗೆ 20 ವರ್ಷ ಎನ್ನುವುದು ಇಲ್ಲಿ ಬಹಳ ಮುಖ್ಯ. 21 ವರ್ಷದೊಳಗಿನವರಿಗೆ ಇಂಥ ಕೇಸಿನಲ್ಲಿ ಕೋರ್ಟು ಸುಲಭವಾಗಿ ಜೈಲು ಶಿಕ್ಷೆ ಕೊಡುವಂತಿಲ್ಲ ಎಂದು ಆರನೇ ಕಲಂ ಹೇಳುತ್ತದೆ. ಕೊಡುವುದಾದರೆ ಪ್ರೊಬೇಷನ್ ಅಧಿಕಾರಿಯ (ಹುಡುಗನ ಸ್ವಭಾವ, ಮನೆಯ ಸ್ಥಿತಿ ವಿಚಾರಿಸಿ ಕೋರ್ಟಿಗೆ ತಿಳಿಸುವವರು) ವರದಿ ತರಿಸಿಕೊಂಡು ನೋಡಬೇಕು, ಕಾರಣ ಬರೆಯಬೇಕು. ಹನ್ನೆರಡನೇ ಕಲಂ ಇನ್ನೂ ದೊಡ್ಡ ಉಪಕಾರ. ಹೀಗೆ ಮೂರನೇ ಅಥವಾ ನಾಲ್ಕನೇ ಕಲಂ ಕೆಳಗೆ ಬಿಡುಗಡೆ ಆದವರಿಗೆ, ಶಿಕ್ಷೆಯಾದವರಿಗೆ ಬರುವ ಅನರ್ಹತೆ ತಟ್ಟುವುದಿಲ್ಲ. ನಡೆದದ್ದು ನಡೆದಿಲ್ಲ ಅಂತ ಆಗುವುದಿಲ್ಲ. ಈಗಾಗಲೇ ಸರ್ಕಾರಿ ಕೆಲಸದಲ್ಲಿರುವವರ ಮೇಲೆ ಇಲಾಖೆ ವಿಚಾರಣೆ ನಡೆಯುವುದನ್ನೂ ಇದು ತಡೆಯುವುದಿಲ್ಲ. ಆದರೆ ಬದುಕು ಶುರು ಮಾಡುತ್ತಿರುವ ಹುಡುಗನಿಗೆ ಇದು ದೊಡ್ಡ ರಕ್ಷಣೆ. ಆದ್ದರಿಂದ ಕೊನೆಗೆ ತಪ್ಪು ಒಪ್ಪಿಕೊಳ್ಳುವ ಸಂದರ್ಭವೇ ಬಂದರೂ, ಬರಿಗೈಯಲ್ಲಿ ಒಪ್ಪಿಕೊಳ್ಳಬಾರದು. ಮೂರನೇ ಕಲಂ ಕೆಳಗೆ ಬಿಡಬೇಕೆಂಬ ಅರ್ಜಿ, ಕಾಲೇಜಿನ ಪತ್ರ, ಅಂಕಪಟ್ಟಿ, ಸಾಮಾನು ವಾಪಸ್ ಆದ ದಾಖಲೆ ಇಷ್ಟನ್ನೂ ಕೈಯಲ್ಲಿಟ್ಟುಕೊಂಡು ಹೋಗಬೇಕು. ಪ್ರೊಬೇಷನ್ ಅಧಿಕಾರಿ ಮನೆಗೆ ಬಂದು ಮಾತನಾಡಿಸಿದರೆ ಮುಚ್ಚುಮರೆ ಇಲ್ಲದೆ ಮಾತನಾಡಿ. ಅವರ ವರದಿಗೆ ಮ್ಯಾಜಿಸ್ಟ್ರೇಟರು ಬೆಲೆ ಕೊಡುತ್ತಾರೆ.

ಪ್ಲೀ ಬಾರ್ಗೇನಿಂಗ್ ಅಂತ ಇನ್ನೊಂದು ದಾರಿ ಇದೆ, ಅಂದರೆ ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆಗೆ ಮಾತುಕತೆ ಮಾಡಿಕೊಳ್ಳುವುದು. ಆರೋಪ ಹೊರಿಸಿದ 30 ದಿನದೊಳಗೆ ಅರ್ಜಿ ಹಾಕಬೇಕು. ಅದರಲ್ಲೂ ಅಪರಾಧಿ ಎಂದೇ ಆಗುತ್ತದೆ. ನಿಮ್ಮ ಕೇಸಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ಅಂಗಡಿಯಲ್ಲಿ ಬರೆಸಿಕೊಂಡ ಆ ಹಾಳೆ

ಪೊಲೀಸರ ಮುಂದೆ ಒಪ್ಪಿಕೊಂಡ ಮಾತನ್ನು ಕೋರ್ಟು ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಅಂಗಡಿಯ ಮ್ಯಾನೇಜರ್ ಪೊಲೀಸ್ ಅಲ್ಲ, ಆದ್ದರಿಂದ ಆ ಹಾಳೆಯನ್ನು ಪ್ರಾಸಿಕ್ಯೂಷನ್ ಹಾಜರು ಮಾಡಲು ನೋಡಬಹುದು. ಆದರೆ ಅದನ್ನು ಎಲ್ಲಿ, ಯಾರ ಮುಂದೆ, ಯಾವ ಸ್ಥಿತಿಯಲ್ಲಿ ಬರೆಸಿದರು ಎನ್ನುವುದು ಮುಖ್ಯ. ಒಳಗಿನ ಕೋಣೆಯಲ್ಲಿ ಕೂರಿಸಿ, ಫೋನ್ ಕಸಿದುಕೊಂಡು, ಮನೆಗೆ ತಿಳಿಸಲು ಬಿಡದೆ, ಇವರು ಹೇಳಿದ್ದನ್ನು ಅವನು ಬರೆದನಾ? ಪೊಲೀಸರು ಬರುವ ಮೊದಲು ಬರೆಸಿದರಾ, ಬಂದ ಮೇಲೆ ಬರೆಸಿದರಾ? ಎಷ್ಟು ಹೊತ್ತು ಕೂರಿಸಿದ್ದರು? ಖಾಸಗಿ ವ್ಯಕ್ತಿಗಳು ಯಾರನ್ನಾದರೂ ಹಿಡಿದರೆ ತಡ ಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ, ಪೊಲೀಸರಿಗೆ ಒಪ್ಪಿಸಬೇಕು. ನೆನಪು ಹಸಿಯಾಗಿರುವಾಗಲೇ ತಮ್ಮ ಇದನ್ನೆಲ್ಲ ಒಂದು ಕಡೆ ಬರೆದು ವಕೀಲರಿಗೆ ಮಾತ್ರ ಕೊಡಲಿ. ವಕೀಲರಿಗೆ ಹೇಳಿದ್ದು ಗುಟ್ಟಾಗಿ ಉಳಿಯುತ್ತದೆ. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬರೆದದ್ದು ಹಾಗಲ್ಲ.

ಇನ್ನು ಸಿಸಿಟಿವಿ. ವಿಡಿಯೊ ಇದೆ ಎಂದ ತಕ್ಷಣ ಎಲ್ಲ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಟ್ಟ ವಿಡಿಯೊಗೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಯಾವ ಸಾಧನದಿಂದ ತೆಗೆದದ್ದು, ಫೈಲಿನ ಹ್ಯಾಶ್ ಮೌಲ್ಯ (ಫೈಲನ್ನು ತಿದ್ದಿದರೆ ಗೊತ್ತಾಗುವಂಥ ಗುರುತಿನ ಸಂಖ್ಯೆ) ಎಷ್ಟು ಎಂದು ಇರಬೇಕು. ಮೂಲ ಸಾಧನವನ್ನೇ ಹಾಜರುಪಡಿಸದಿದ್ದರೆ ಪ್ರಮಾಣಪತ್ರ ಕಡ್ಡಾಯ ಎಂದು 2020ರಲ್ಲಿ, ಹಳೆಯ ಸಾಕ್ಷ್ಯ ಕಾಯ್ದೆ ಇದ್ದಾಗಲೇ, ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಚಾರ್ಜ್‌ಶೀಟಿನ ಜೊತೆ ಅದು ಇದೆಯಾ ನೋಡಿ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಕಳ್ಳತನ ಅನ್ನಲು ಮೋಸದ ಉದ್ದೇಶ ಇರಲೇಬೇಕು. ಮಗುವಿನ ತಳ್ಳುಗಾಡಿಯ ಕೆಳಗಿಟ್ಟ ಡಬ್ಬಿಯನ್ನು ಬಿಲ್ ಮಾಡಿಸಲು ನಿಜವಾಗಿ ಮರೆತು ಹೋದವರು ಕಳ್ಳರಲ್ಲ. ಅಂಥವರು ರಾಜಿ, ಪ್ರೊಬೇಷನ್ ಅಂತ ಹೋಗದೆ ಕೇಸನ್ನೇ ಎದುರಿಸಬೇಕು.

ಕೋರ್ಟಿನ ಮೊದಲ ದಿನ

ಹತ್ತೂವರೆಗೆಲ್ಲ ಅಲ್ಲಿರಿ. ಆಧಾರ್ ಜೆರಾಕ್ಸ್, ಪಾಸ್‌ಪೋರ್ಟ್ ಸೈಜ್ ಫೋಟೊ, ಸಮನ್ಸ್ ಕಾಗದ ತನ್ನಿ. ಜಾಮೀನುದಾರರೊಬ್ಬರು ಜೊತೆಗಿದ್ದರೆ ಒಳ್ಳೆಯದು. ಜಮೀನಿದ್ದರೆ ಪಹಣಿ, ಸಂಬಳದವರಾದರೆ ಸ್ಯಾಲರಿ ಸ್ಲಿಪ್, ಯಾವುದು ನಡೆಯುತ್ತದೆ ಎಂದು ವಕೀಲರನ್ನು ಹಿಂದಿನ ದಿನವೇ ಕೇಳಿ. ವಕಾಲತ್ತಿಗೆ, ಅಂದರೆ ವಕೀಲರನ್ನು ನೇಮಿಸುವ ಪತ್ರಕ್ಕೆ, ತಮ್ಮನೇ ಸಹಿ ಹಾಕಬೇಕು. ಅವನು ವಯಸ್ಕ, ನೀವು ಅವನ ಪರವಾಗಿ ಹಾಕುವಂತಿಲ್ಲ.

ಕೋರ್ಟ್ ಹಾಲಿನ ಹೊರಗೆ ಅವತ್ತಿನ ಕೇಸುಗಳ ಪಟ್ಟಿ ಅಂಟಿಸಿರುತ್ತಾರೆ. ಹೆಸರು ಕೂಗಿದಾಗ ಫೋನ್ ಆಫ್ ಮಾಡಿ ಒಳಗೆ ಹೋಗಿ ಆರೋಪಿಗಳು ನಿಲ್ಲುವ ಜಾಗದಲ್ಲಿ ನಿಲ್ಲಬೇಕು. ಕೂಗಿದಾಗ ಟೀ ಕುಡಿಯಲು ಹೋಗಿದ್ದೆ ಎಂದರೆ ವಾರಂಟ್ ಆಗಬಹುದು. ಮ್ಯಾಜಿಸ್ಟ್ರೇಟರು ಹೆಸರು, ವಯಸ್ಸು ಕೇಳುತ್ತಾರೆ. ಕೆಲವೊಮ್ಮೆ ಅವತ್ತೇ "ಆರೋಪ ಗೊತ್ತಾಯಿತಾ? ತಪ್ಪು ಒಪ್ಪಿಕೊಳ್ಳುತ್ತೀಯಾ?" ಎಂದೂ ಕೇಳಿಬಿಡುತ್ತಾರೆ. ಹುಡುಗರು ತಬ್ಬಿಬ್ಬಾಗಿ ತಲೆ ಆಡಿಸುವುದು ಆ ಗಳಿಗೆಯಲ್ಲೇ. "ಸ್ವಾಮಿ, ಕೇಸಿನ ಕಾಗದಗಳು ಇನ್ನೂ ಸಿಕ್ಕಿಲ್ಲ, ನಮ್ಮ ವಕೀಲರು ಹೇಳುತ್ತಾರೆ" ಎಂದು ಹೇಳುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಅದು ಉದ್ಧಟತನ ಅಲ್ಲ. ಹಾಜರಾದ 14 ದಿನದೊಳಗೆ ಚಾರ್ಜ್‌ಶೀಟ್, ಸಾಕ್ಷಿಗಳ ಹೇಳಿಕೆ ಎಲ್ಲದರ ಪ್ರತಿ ಉಚಿತವಾಗಿ ಕೊಡಬೇಕು ಎಂದು ಕಾನೂನೇ ಹೇಳುತ್ತದೆ.

ಜೈಲಿಗೆ ಹಾಕಿಬಿಡುತ್ತಾರಾ ಎಂಬ ಭಯ ಬೇಡ. ತನಿಖೆಯಲ್ಲಿ ಬಂಧಿಸದೆ ಬಿಟ್ಟವರು ಸಮನ್ಸ್‌ಗೆ ಸರಿಯಾಗಿ ಹಾಜರಾದರೆ, ಏಳು ವರ್ಷದವರೆಗಿನ ಶಿಕ್ಷೆಯ ಕೇಸುಗಳಲ್ಲಿ ಅವರನ್ನು ಕಸ್ಟಡಿಗೆ ತೆಗೆದುಕೊಳ್ಳದೆಯೇ ಜಾಮೀನು ಅರ್ಜಿ ತೀರ್ಮಾನಿಸಬಹುದು ಎಂದು ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆದರಬೇಕಾದ್ದು ಗೈರಾಗುವುದಕ್ಕೆ. ಬಾರದಿದ್ದರೆ ಜಾಮೀನು ರಹಿತ ವಾರಂಟ್‌ವರೆಗೂ ಹೋಗುತ್ತದೆ. ಬಾಂಡ್ ಬರೆದುಕೊಟ್ಟು ಬಾರದಿದ್ದರೆ ಅದೇ ಒಂದು ಬೇರೆ ಅಪರಾಧ. ಪರೀಕ್ಷೆಯ ದಿನವೇ ತಾರೀಕು ಬಿದ್ದರೆ ಹಾಲ್ ಟಿಕೆಟ್ ಪ್ರತಿ ಇಟ್ಟು ಅವತ್ತಿನ ಮಟ್ಟಿಗೆ ಹಾಜರಾತಿಗೆ ವಿನಾಯಿತಿ ಕೇಳುವ ಅರ್ಜಿಯನ್ನು ವಕೀಲರು ಹಾಕುತ್ತಾರೆ.

"ಮಾಡಿದ್ದು ನಿಜ ಅಂದಮೇಲೆ ತಪ್ಪು ಒಪ್ಪುವುದಿಲ್ಲ ಎನ್ನುವುದು ಸುಳ್ಳಲ್ವಾ" ಎಂದು ನಿಮಗೆ ಅನ್ನಿಸಬಹುದು. ಸುಳ್ಳಲ್ಲ. ಆರೋಪ ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಆ ಕೆಲಸ ಅವರು ಮಾಡಲಿ ಎಂದಷ್ಟೇ ಅದರ ಅರ್ಥ. ಸುಳ್ಳು ಸಾಕ್ಷಿ ಹುಟ್ಟುಹಾಕುವುದು, "ಬಿಲ್ ಇತ್ತು, ಕಳೆದುಹೋಯಿತು" ಎಂದು ಕತೆ ಕಟ್ಟುವುದು ಬೇರೆ. ಅದನ್ನು ಯಾರು ಹೇಳಿಕೊಟ್ಟರೂ ಮಾಡಬೇಡಿ. ಪಶ್ಚಾತ್ತಾಪ ಇದ್ದರೆ ಅದನ್ನು ತೋರಿಸಲು ರಾಜಿಯ ಮಾತುಕತೆಯಲ್ಲಿ, ಪ್ರೊಬೇಷನ್ ಅಧಿಕಾರಿಯ ಮುಂದೆ ಸರಿಯಾದ ಜಾಗ ಇದೆ.

ವಕೀಲರ ಫೀಸಿಗೆ ಕಷ್ಟವಾದರೆ ಕೋರ್ಟ್ ಆವರಣದಲ್ಲೇ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇರುತ್ತದೆ. 15100ಕ್ಕೆ ಫೋನ್ ಮಾಡಿಯೂ ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕಸ್ಟಡಿಯಲ್ಲಿರುವವರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ.

ಕೆಲಸ, ಪಾಸ್‌ಪೋರ್ಟ್, ಅಪ್ಪ

ಪಾಸ್‌ಪೋರ್ಟಿನ ವಿಷಯದಲ್ಲಿ ಜನ ಹೆದರುವುದು ತೀರ್ಪಿಗೆ. ಆದರೆ ಇಂಥ ಕೇಸಿನಲ್ಲಿ ಹೆಚ್ಚು ಅಡ್ಡಿಯಾಗುವುದು ಕೇಸು ಬಾಕಿ ಇರುವುದು. ಕ್ರಿಮಿನಲ್ ಕೇಸು ಕೋರ್ಟಿನಲ್ಲಿ ಬಾಕಿ ಇದ್ದರೆ 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅರ್ಜಿ ನಿರಾಕರಿಸಬಹುದು. ಆಗ ಅದೇ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ ವಿದೇಶಕ್ಕೆ ಹೋಗಲು ಅನುಮತಿ ಪಡೆದು, ಆ ಆದೇಶ ತೋರಿಸಿ ಪಾಸ್‌ಪೋರ್ಟ್ ಪಡೆಯಬಹುದು. ಆದೇಶದಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆಸಿಕೊಳ್ಳಿ. ಬರೆಯದಿದ್ದರೆ ಸಾಮಾನ್ಯವಾಗಿ ಒಂದೇ ವರ್ಷದ ಪಾಸ್‌ಪೋರ್ಟ್ ಕೊಡುತ್ತಾರೆ.

ಕೆಲಸದ ಅರ್ಜಿಯಲ್ಲಿ "ನಿಮ್ಮ ಮೇಲೆ ಕೇಸು ಇದೆಯಾ, ಹಿಂದೆ ಇತ್ತಾ" ಎಂದು ಕೇಳಿದ್ದರೆ ಇರುವುದನ್ನು ಇರುವ ಹಾಗೇ ಬರೆಯಬೇಕು. ಖುಲಾಸೆಯಾಗಿದ್ದರೂ ಬರೆಯಬೇಕು. ಅವತಾರ್ ಸಿಂಗ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಹೇಳಿದೆ. ಚಿಕ್ಕ ವಯಸ್ಸಿನ ಸಣ್ಣ ತಪ್ಪನ್ನು ಉದ್ಯೋಗದಾತರು ಮನ್ನಿಸಬಹುದು. ಮುಚ್ಚಿಟ್ಟದ್ದು ಆಮೇಲೆ ಗೊತ್ತಾದರೆ ಮುಚ್ಚಿಟ್ಟದ್ದೇ ಕೆಲಸಕ್ಕೆ ಕುತ್ತಾಗುತ್ತದೆ. ಫಾರಂನಲ್ಲಿ "ಶಿಕ್ಷೆಯಾಗಿದೆಯಾ" ಎಂದಷ್ಟೇ ಕೇಳಿದ್ದರೆ ಅದಕ್ಕಷ್ಟೇ ಉತ್ತರ. ಪ್ರಶ್ನೆಯನ್ನು ನಿಧಾನವಾಗಿ ಓದಿ ಬರೆಯಲಿ.

ಅಪ್ಪನಿಗೆ ಹೇಳಿ. ಕೋರ್ಟಿನ ತಾರೀಕಿಗೆ ಮೊದಲೇ ಹೇಳಿ. ಮುಂದಿನ ಕಾಗದ ಮನೆಗೇ ಬರುತ್ತದೆ, ಜಾಮೀನಿಗೆ ಮನೆಯವರೊಬ್ಬರು ಬೇಕಾಗುತ್ತದೆ, ಪ್ರೊಬೇಷನ್ ಅಧಿಕಾರಿ ಬಂದರೆ ಮೊದಲು ಮಾತನಾಡಿಸುವುದು ಅಪ್ಪನನ್ನೇ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಿಮ್ಮಿಂದ ಕೇಳಲಿ. ಹೇಳುವಾಗ ನೀವೂ ತಮ್ಮನ ಪಕ್ಕದಲ್ಲಿರಿ. ಮಗ ಮಾಡಿದ್ದು ತಪ್ಪು, ಆದರೆ ಮಗ ಕೈಬಿಟ್ಟು ಹೋಗಿಲ್ಲ ಎನ್ನುವುದು ಅವರಿಗೆ ಗೊತ್ತಾಗಬೇಕು. ತಮ್ಮನ ಜೊತೆ ಒಬ್ಬರೇ ಕೂತು ಇನ್ನೂ ಒಂದು ಮಾತು ಕೇಳಿ: ಇದು ಒಂದೇ ಸಲದ ಆಸೆಯಾ, ಅಥವಾ ಬೇಡದ ವಸ್ತುವನ್ನೂ ಎತ್ತಿಕೊಳ್ಳಬೇಕು ಎನ್ನಿಸುವ ಒತ್ತಡ ಒಳಗಿದೆಯಾ? ಎರಡನೆಯದಾದರೆ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಉಚಿತವಾಗಿ ಮಾತನಾಡಬಹುದು. ಅದರಿಂದ ಕೇಸು ಬಿದ್ದುಹೋಗುವುದಿಲ್ಲ. ಆದರೆ ಚಿಕಿತ್ಸೆ ಪಡೆಯುತ್ತಿರುವ ದಾಖಲೆಯನ್ನು ಶಿಕ್ಷೆಯ ಹಂತದಲ್ಲಿ ಕೋರ್ಟು ನೋಡುತ್ತದೆ.

ಕೇಸು ಯಾವ ರೀತಿ ಮುಗಿದರೂ ಅಂತಿಮ ಆದೇಶದ ಸರ್ಟಿಫೈಡ್ ಕಾಪಿಗೆ ಅವತ್ತೇ ಅರ್ಜಿ ಹಾಕಿ, ಎರಡು ಪ್ರತಿ ತೆಗೆದುಕೊಳ್ಳಿ. ಒಂದನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಅವರ ದಾಖಲೆಯಲ್ಲಿ "ಬಾಕಿ" ಎಂದೇ ಉಳಿದಿರಬಾರದು. ಇನ್ನೊಂದು ಮನೆಯಲ್ಲಿರಲಿ. ರಾಜಿ ಆಗಿದ್ದರೆ ಆದೇಶದಲ್ಲಿ ಕಲಂ 359ರ ಉಲ್ಲೇಖ, ಪ್ರೊಬೇಷನ್ ಆಗಿದ್ದರೆ ಮೂರನೇ ಅಥವಾ ನಾಲ್ಕನೇ ಕಲಂ ಜೊತೆಗೆ ಹನ್ನೆರಡನೇ ಕಲಂ ಉಲ್ಲೇಖ ಇದೆಯಾ ಎಂದು ಕೋರ್ಟ್ ಬಿಡುವ ಮೊದಲೇ ವಕೀಲರಿಂದ ಓದಿಸಿ ನೋಡಿ.